ದೋಣಿಯ ವಾಟರ್‌ಮೇಕರ್ ಕೈಕೊಟ್ಟಾಗ: ಮೆಂಬ್ರೇನ್ ಬದಲಿಸುವ ಮೊದಲು ನೋಡಬೇಕಾದದ್ದು

ಸಮುದ್ರದ ನೀರನ್ನು ಕುಡಿಯುವ ನೀರಾಗಿಸುವ ವಾಟರ್‌ಮೇಕರ್ ಕೈಕೊಟ್ಟಾಗ ಬಹುತೇಕ ಎಲ್ಲರ ಅನುಮಾನವೂ ಮೊದಲು ಹೋಗುವುದು ಉಪ್ಪನ್ನು ತಡೆದು ನೀರನ್ನು ಹಾಯಿಸುವ ತೆಳು ಪೊರೆಯಾದ ಮೆಂಬ್ರೇನ್ ಮೇಲೆ. ನೀರು ಕಡಿಮೆ ಬಂದರೂ ಅದನ್ನೇ ದೂರುತ್ತೇವೆ, ನೀರು ಉಪ್ಪಾದರೂ ಅದನ್ನೇ ದೂರುತ್ತೇವೆ. ಆದರೆ ಯಂತ್ರದ ಅತಿ ದುಬಾರಿ ಭಾಗಗಳಲ್ಲೊಂದಾದ ಮೆಂಬ್ರೇನ್ ತಾನಾಗಿ ಕೆಡುವುದು ಅಪರೂಪ. ಅದಕ್ಕಿಂತ ಹಿಂದಿರುವ ಅಗ್ಗದ ಫಿಲ್ಟರ್‌ಗಳ ಬಗ್ಗೆ ತೋರಿದ ಅಸಡ್ಡೆ, ಇಲ್ಲವೇ ಯಂತ್ರವನ್ನು ನಿಲ್ಲಿಸಿಟ್ಟ ವಾರಗಳಲ್ಲಿ ಮಾಡದೆ ಬಿಟ್ಟ ಕೆಲಸ, ಇವೆರಡೇ ಹೆಚ್ಚಾಗಿ ಅದನ್ನು ಹಾಳುಮಾಡುತ್ತವೆ. ಆದ್ದರಿಂದ ಇಲ್ಲಿ ಹುಡುಕಾಟ ನೀರು ಹರಿಯುವ ದಿಕ್ಕಿನಲ್ಲೇ ಸಾಗುತ್ತದೆ: ದೋಣಿಯ ತಳದ ವಾಲ್ವ್‌ನಿಂದ ಹೊರಟು ಜಾಲರಿ, ಬೂಸ್ಟ್ ಪಂಪ್, ಪ್ರಿ-ಫಿಲ್ಟರ್, ಹೈ ಪ್ರೆಷರ್ ಪಂಪ್‌ಗಳನ್ನು ದಾಟಿ ಕೊನೆಗೆ ಮೆಂಬ್ರೇನ್ ತಲುಪುತ್ತದೆ.

ಯಂತ್ರದ ಕೆಲಸ ಎಷ್ಟು ಕಷ್ಟದ್ದೆಂದು ಮೊದಲು ತಿಳಿದಿರಬೇಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಅಂದರೆ ಸುಮಾರು 35,000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು ಎಂಬ ಅಳತೆ). ಈ ಉಪ್ಪಿನಿಂದ ಹುಟ್ಟುವ, ಸಿಹಿನೀರನ್ನು ಉಪ್ಪಿನ ಕಡೆಗೇ ಎಳೆಯುವ ಆಸ್ಮಾಟಿಕ್ ಒತ್ತಡವೇ 25ರಿಂದ 28 ಬಾರ್ (ಒಂದು ಬಾರ್ ಎಂದರೆ ಸುಮಾರು ವಾತಾವರಣದ ಒತ್ತಡದಷ್ಟು) ಆಗುವುದರಿಂದ, ಅದನ್ನು ಮೀರಿ ಉಪಯೋಗಕ್ಕೆ ಬರುವಷ್ಟು ಸಿಹಿನೀರನ್ನು ಮೆಂಬ್ರೇನ್ ಮೂಲಕ ಹಾಯಿಸಲು ಸಾಮಾನ್ಯ ಯಂತ್ರಗಳು 55 ಬಾರ್ ಆಸುಪಾಸಿನ ಒತ್ತಡದಲ್ಲಿ ನಡೆಯುತ್ತವೆ. ಸಣ್ಣ ದೋಣಿಗಳ ಯಂತ್ರಗಳಲ್ಲಿ ಒಳಬಂದ ನೀರಿನ ಹತ್ತನೇ ಒಂದು ಪಾಲಿನಷ್ಟು ಮಾತ್ರ ಸಿಹಿನೀರಾಗಿ, ಉಳಿದದ್ದೆಲ್ಲ ಇನ್ನಷ್ಟು ಉಪ್ಪಾಗಿ ಸಮುದ್ರಕ್ಕೆ ಮರಳುವುದು ವಾಡಿಕೆ. ಹೀಗೆ ಹೆಚ್ಚಿನ ನೀರು ಹೊರಗೆ ಹರಿದುಹೋಗುವುದು ಪೋಲಲ್ಲ. ಮೆಂಬ್ರೇನ್ ಮೇಲೆ ಉಪ್ಪು ಕೂರದಂತೆ ಗುಡಿಸಿಕೊಂಡು ಹೋಗುವುದು ಆ ಹರಿವೇ.

ಮೂರು ಸಂಖ್ಯೆಗಳನ್ನು ಒಟ್ಟಿಗೆ ಓದುವುದು

ಒತ್ತಡ, ಗಂಟೆಗೆ ಬರುವ ಸಿಹಿನೀರಿನ ಪ್ರಮಾಣ, ಆ ನೀರಿನ ಟಿಡಿಎಸ್ (ಕರಗಿದ ಉಪ್ಪು ಮೊದಲಾದವುಗಳ ಒಟ್ಟು ಪ್ರಮಾಣ), ಈ ಮೂರರಲ್ಲಿ ಒಂದನ್ನು ಮಾತ್ರ ನೋಡಿ ದೋಷ ಹೇಳಲಾಗುವುದಿಲ್ಲ. ಮೂರನ್ನೂ ಒಂದೇ ಹೊತ್ತಿನಲ್ಲಿ ಬರೆದುಕೊಳ್ಳಬೇಕು, ಜೊತೆಗೆ ಸಮುದ್ರದ ನೀರಿನ ಉಷ್ಣತೆಯನ್ನೂ ಬರೆಯಬೇಕು. ಏಕೆಂದರೆ ನೀರಿನ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ಅದೇ ಒತ್ತಡದಲ್ಲಿ ಬರುವ ಸಿಹಿನೀರು ಸುಮಾರು ಶೇಕಡಾ 3ರಷ್ಟು ಕಡಿಮೆಯಾಗುತ್ತದೆ. 25 ಡಿಗ್ರಿಯ ನೀರಿನಲ್ಲಿ ಗಂಟೆಗೆ 60 ಲೀಟರ್ ಕೊಡುತ್ತಿದ್ದ ಯಂತ್ರ 15 ಡಿಗ್ರಿಯ ನೀರಿನಲ್ಲಿ 40ರಿಂದ 45 ಲೀಟರ್ ಕೊಟ್ಟರೆ ಅದರಲ್ಲಿ ಯಾವ ದೋಷವೂ ಇಲ್ಲ. ಬೆಚ್ಚನೆಯ ಕಡಲಿನಿಂದ ತಣ್ಣನೆಯ ಕಡಲಿಗೆ ದೋಣಿ ಹೋದ ವಾರದಲ್ಲೇ ಮೆಂಬ್ರೇನ್ ಸತ್ತಿತೆಂದು ತೀರ್ಮಾನಿಸುವವರು ಈ ಒಂದು ಲೆಕ್ಕವನ್ನು ಮರೆತಿರುತ್ತಾರೆ. ನೀರು ಬೆಚ್ಚಗಾದಾಗ ಇದರ ವಿರುದ್ಧ ನಡೆಯುತ್ತದೆ: ಸಿಹಿನೀರು ಹೆಚ್ಚುತ್ತದೆ, ಅದರೊಂದಿಗೆ ಉಪ್ಪೂ ತುಸು ಹೆಚ್ಚು ದಾಟುತ್ತದೆ. ನದೀಮುಖದಂತಹ ಉಪ್ಪು ಕಡಿಮೆಯಿರುವ ಜಾಗದಲ್ಲಿ ಅದೇ 55 ಬಾರ್ ಇಟ್ಟು ನಡೆಸಿದರೆ ಮೆಂಬ್ರೇನ್ ತನ್ನ ಮಿತಿ ಮೀರಿ ನೀರು ಕೊಡುತ್ತದೆ. ಅಲ್ಲಿ ಒತ್ತಡವನ್ನು ಇಳಿಸಿ ಸಿಹಿನೀರಿನ ಹರಿವನ್ನು ತಯಾರಕರು ಹೇಳಿದ ಅಂಕಿಯೊಳಗೆ ಇಡಬೇಕು.

ಇನ್ನೊಂದು ಭೇದವನ್ನೂ ಗಮನಿಸಬೇಕು. ಕೈಯಿಂದ ವಾಲ್ವ್ ತಿರುಗಿಸಿ ಒತ್ತಡವನ್ನು ಹೊಂದಿಸುವ ಯಂತ್ರದಲ್ಲಿ ಮೆಂಬ್ರೇನ್‌ಗೆ ಕೊಳೆ ಹಿಡಿದರೆ ಸಿಹಿನೀರು ಕಡಿಮೆಯಾಗುತ್ತದೆ. ಹೊರಹೋಗುವ ಉಪ್ಪುನೀರಿನ ಶಕ್ತಿಯನ್ನು ಮರಳಿ ಬಳಸುವ ಮಾದರಿಗಳಲ್ಲಿ ಒಳಬಂದ ನೀರಿನ ಇಂತಿಷ್ಟೇ ಪಾಲು ಸಿಹಿನೀರಾಗಬೇಕೆಂದು ಪಂಪ್‌ನ ರಚನೆಯೇ ನಿರ್ಧರಿಸಿರುತ್ತದೆ. ಅಲ್ಲಿ ಕೊಳೆ ಹಿಡಿದರೆ ನೀರು ಕಡಿಮೆಯಾಗುವ ಬದಲು ಒತ್ತಡವೇ ಏರುತ್ತ ಹೋಗುತ್ತದೆ. ನಿಮ್ಮ ಯಂತ್ರ ಯಾವ ಜಾತಿಯದೆಂದು ಗೊತ್ತಿಲ್ಲದೆ ಬೇರೆಯವರ ಅನುಭವವನ್ನು ಅನ್ವಯಿಸಿಕೊಂಡರೆ ದಾರಿ ತಪ್ಪುತ್ತದೆ.

ಯಂತ್ರ ಹೊಸದಾಗಿದ್ದ ದಿನದ, ಇಲ್ಲವೇ ಹೊಸ ಮೆಂಬ್ರೇನ್ ಕೂರಿಸಿದ ದಿನದ ಈ ನಾಲ್ಕು ಸಂಖ್ಯೆಗಳು ಒಂದು ಪುಸ್ತಕದಲ್ಲಿ ಬರೆದಿದ್ದರೆ ಅರ್ಧ ರೋಗನಿರ್ಣಯ ಅಲ್ಲೇ ಮುಗಿಯಿತೆಂದು ನಾನು ಧೈರ್ಯವಾಗಿ ಹೇಳುತ್ತೇನೆ. ಬರೆದಿಲ್ಲದಿದ್ದರೆ ಇವತ್ತೇ ಬರೆದಿಡಿ. ಇವತ್ತಿನ ಅಂಕಿ ಮುಂದಿನ ವರ್ಷಕ್ಕೆ ಆಧಾರವಾಗುತ್ತದೆ.

ಒತ್ತಡ ಏರದಿರುವುದು, ನಡುಗುವುದು, ಯಂತ್ರ ತಾನಾಗಿ ನಿಲ್ಲುವುದು

ಒತ್ತಡದ ಗೇಜ್‌ನ ಮುಳ್ಳು ಒಂದು ಕಡೆ ನಿಲ್ಲದೆ ನಡುಗುತ್ತಿದ್ದರೆ, ಪಂಪ್ ಕಲ್ಲು ನುಂಗಿದಂತೆ ಕಟಕಟ ಸದ್ದು ಮಾಡುತ್ತಿದ್ದರೆ, ಇಲ್ಲವೇ ಒಳಬರುವ ಒತ್ತಡ ಸಾಲದೆಂದು ಯಂತ್ರ ಪದೇ ಪದೇ ನಿಲ್ಲುತ್ತಿದ್ದರೆ, ಮೆಂಬ್ರೇನ್ ಅನ್ನು ಸದ್ಯಕ್ಕೆ ಮರೆತುಬಿಡಬೇಕು. ಇವು ಹೈ ಪ್ರೆಷರ್ ಪಂಪ್‌ಗೆ ಸಾಕಷ್ಟು ನೀರು ಸಿಗುತ್ತಿಲ್ಲ, ಅಥವಾ ನೀರಿನೊಂದಿಗೆ ಗಾಳಿಯೂ ಸೇರಿ ಬರುತ್ತಿದೆ ಎಂಬುದರ ಗುರುತುಗಳು.

ತಳದ ವಾಲ್ವ್ ಪೂರ್ತಿ ತೆರೆದಿದೆಯೇ, ನೀರು ಒಳಬರುವ ಬಾಯಿಗೆ ಪಾಚಿಯೋ ಪ್ಲಾಸ್ಟಿಕ್ ಚೂರೋ ಅಂಟಿದೆಯೇ, ಜಾಲರಿಯಲ್ಲಿ ಕಸ ತುಂಬಿದೆಯೇ ಎಂದು ನೋಡಲು ಹತ್ತು ನಿಮಿಷ ಸಾಕು. ಜಾಲರಿ ಸ್ವಚ್ಛವಿದ್ದರೂ ಅಲ್ಲಿಂದ ಏಳಬೇಡಿ. ಪಂಪ್‌ನ ಹಿಂದಿರುವ ಈ ಭಾಗ ಎಳೆತದಲ್ಲಿ ಕೆಲಸ ಮಾಡುವುದರಿಂದ ಇಲ್ಲಿಯ ಸೋರಿಕೆ ನೀರು ಹೊರಗೆ ಹನಿಯುವ ರೂಪದಲ್ಲಿ ಕಾಣಿಸುವುದಿಲ್ಲ, ಗಾಳಿ ಒಳಗೆ ಹೋಗುವ ರೂಪದಲ್ಲಿ ನಡೆಯುತ್ತದೆ. ಎಲ್ಲವೂ ಒಣಗಿದೆ, ಆದ್ದರಿಂದ ಸೋರಿಕೆಯಿಲ್ಲ ಎಂದು ನಂಬುವುದು ಇಲ್ಲಿ ತಪ್ಪಾಗುತ್ತದೆ.

ಜಾಲರಿಯ ಮುಚ್ಚಳವನ್ನು ಬಿಚ್ಚಿ ಅದರ ಓ-ರಿಂಗ್ (ಸೋರದಂತೆ ಬಿಗಿಯುವ ರಬ್ಬರ್ ಉಂಗುರ) ಅನ್ನು ಬೆಳಕಿಗೆ ಹಿಡಿದು ಬೆರಳಿನಿಂದ ಸುತ್ತಲೂ ಸವರಿ ನೋಡಬೇಕು. ಒಂದು ಮರಳಿನ ಕಣ ಅಂಟಿದ್ದರೂ, ಒಂದು ಕಡೆ ಚಪ್ಪಟೆಯಾಗಿದ್ದರೂ, ಕೂದಲೆಳೆಯಷ್ಟು ಬಿರುಕಿದ್ದರೂ ಗಾಳಿಗೆ ಅಷ್ಟೇ ಸಾಕು. ಅದು ಕೂರುವ ತೋಡನ್ನು ಬಟ್ಟೆಯಿಂದ ಒರೆಸಿ, ಓ-ರಿಂಗ್‌ಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ ಮತ್ತೆ ಕೂರಿಸಬೇಕು. ಪೆಟ್ರೋಲಿಯಂ ಆಧಾರಿತ ಗ್ರೀಸ್ ಬಳಸಬಾರದು. ಕೆಲವು ಜಾತಿಯ ರಬ್ಬರ್ ಅದರಿಂದ ಊದಿಕೊಳ್ಳುತ್ತದೆ, ಎಣ್ಣೆಯ ಅಂಶ ಮೆಂಬ್ರೇನ್ ತಲುಪಿದರೆ ಅಲ್ಲಿಯೂ ಕೇಡು. ಹರಿವಿನ ಅಳತೆಯ ಪಾರದರ್ಶಕ ಕೊಳವೆಯಲ್ಲಿ ಗುಳ್ಳೆಗಳು ಕಾಣುತ್ತಿದ್ದು ಈ ಕೆಲಸದ ನಂತರ ನಿಂತುಹೋದರೆ ದೋಷ ಸಿಕ್ಕಿತೆಂದೇ ಅರ್ಥ. ನಿಲ್ಲದಿದ್ದರೆ ಮೆದುಗೊಳವೆಯ ಪ್ರತಿಯೊಂದು ಕ್ಲಿಪ್ಪನ್ನೂ, ಪ್ರಿ-ಫಿಲ್ಟರ್ ಡಬ್ಬಿಯ ಓ-ರಿಂಗ್ ಅನ್ನೂ ಇದೇ ಬಗೆಯಲ್ಲಿ ಪರೀಕ್ಷಿಸುತ್ತ ಹೋಗಬೇಕು. ದೋಣಿ ಅಲೆಯ ಹೊಡೆತಕ್ಕೆ ವಾಲಿದಾಗ ಮಾತ್ರ ಗಾಳಿ ಬರುತ್ತಿದ್ದರೆ ನೀರೆಳೆಯುವ ಬಾಯಿಯೇ ಆಗಾಗ ನೀರಿನಿಂದ ಮೇಲೇಳುತ್ತಿದೆ ಎಂದರ್ಥ. ಅದಕ್ಕೆ ಓ-ರಿಂಗ್‌ನಿಂದ ಪರಿಹಾರವಿಲ್ಲ, ಬಾಯಿಯ ಜಾಗವನ್ನೇ ಕೆಳಕ್ಕೆ ಬದಲಿಸಬೇಕು.

ಪ್ರಿ-ಫಿಲ್ಟರ್‌ನ ಹಿಂದೆ ಮುಂದೆ ಒಂದೊಂದು ಗೇಜ್ ಇದ್ದರೆ ಮುಂದಿನ ಕೆಲಸ ಸುಲಭ. ಹಿಂದೆ ಒತ್ತಡವಿದ್ದು ಮುಂದೆ ಇಲ್ಲದಿದ್ದರೆ ಕಾರ್ಟ್ರಿಡ್ಜ್ ಕಟ್ಟಿಕೊಂಡಿದೆ. ಎರಡೂ ಕಡೆ ಒತ್ತಡವಿಲ್ಲದಿದ್ದರೆ ಬೂಸ್ಟ್ ಪಂಪ್ ಸೋತಿದೆ, ಅಥವಾ ಅದಕ್ಕೆ ಸಾಕಷ್ಟು ವಿದ್ಯುತ್ ತಲುಪುತ್ತಿಲ್ಲ. ಬ್ಯಾಟರಿಯಿಂದ ನಡೆಯುವ ಪಂಪ್‌ನ ವೋಲ್ಟೇಜನ್ನು ಅಳೆಯುವಾಗ ಪಂಪ್ ಓಡುತ್ತಿರಬೇಕು, ಅಳತೆ ಪಂಪ್‌ನ ತಂತಿಯ ತುದಿಯಲ್ಲೇ ಆಗಬೇಕು. ಹಸಿರು ಕಿಲುಬು ಹಿಡಿದ ಒಂದು ಜೋಡಣೆ ಪಂಪ್ ನಿಂತಿದ್ದಾಗ ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ, ಓಡುವಾಗ ಮಾತ್ರ ತನ್ನ ನಿಜ ಬಣ್ಣ ತೋರುತ್ತದೆ.

ನೀರು ಚೆನ್ನಾಗಿ ಬರುತ್ತಿದ್ದು ಗಾಳಿಯೂ ಇಲ್ಲದಿದ್ದು, ಆದರೂ ಒತ್ತಡ ಏರದಿದ್ದರೆ ಒತ್ತಡ ಹೊಂದಿಸುವ ವಾಲ್ವ್‌ನ ತುದಿ ಸವೆದಿರಬಹುದು, ಸುರಕ್ಷತಾ ವಾಲ್ವ್ ಸೋರುತ್ತಿರಬಹುದು, ಅಥವಾ ಹೈ ಪ್ರೆಷರ್ ಪಂಪ್‌ನ ಒಳವಾಲ್ವ್‌ಗಳೋ ಸೀಲ್‌ಗಳೋ ಸವೆದಿರಬಹುದು. ಪಂಪ್‌ನ ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಸೀಲ್ ದಾಟಿ ನೀರು ಎಣ್ಣೆಗೆ ಸೇರಿದೆ ಎಂದು ತಿಳಿದು, ಆ ಯಂತ್ರವನ್ನು ಮತ್ತೆ ಓಡಿಸದೆ ಸೀಲ್ ಬದಲಿಸಿ ಎಣ್ಣೆ ಬದಲಿಸಬೇಕು.

ನೀರು ಉಪ್ಪಾಗುವುದು

ಯಂತ್ರ ಶುರುವಾದ ಮೊದಲ ಕೆಲವು ನಿಮಿಷಗಳ ನೀರು ಉಪ್ಪಾಗಿಯೇ ಇರುತ್ತದೆ, ಏಕೆಂದರೆ ಯಂತ್ರ ನಿಂತಿದ್ದಾಗ ಉಪ್ಪು ನಿಧಾನವಾಗಿ ಮೆಂಬ್ರೇನ್ ದಾಟಿ ಸಿಹಿನೀರಿನ ಕಡೆಗೆ ಹರಡಿಕೊಂಡಿರುತ್ತದೆ. ಆ ನೀರನ್ನು ಹೊರಗೆ ಬಿಟ್ಟು, ಅಂಕಿ ಒಂದೆಡೆ ನಿಂತ ಮೇಲೆಯೇ ಅಳೆಯಬೇಕು. 35,000 ಪಿಪಿಎಂ ನೀರಿನಿಂದ 300 ಪಿಪಿಎಂ ನೀರು ಬಂದರೆ ಶೇಕಡಾ 99ಕ್ಕಿಂತ ಹೆಚ್ಚು ಉಪ್ಪು ತಡೆಯಲ್ಪಟ್ಟಿದೆ ಎಂದಾಯಿತು, ಅದು ಆರೋಗ್ಯವಂತ ಮೆಂಬ್ರೇನ್. 500 ಪಿಪಿಎಂ ಒಳಗಿನ ನೀರು ಕುಡಿಯಲು ಚೆನ್ನಾಗಿರುತ್ತದೆ. 1,000 ದಾಟಿದರೆ ನಾಲಿಗೆಗೆ ತಿಳಿಯದೆ ಇರುವುದಿಲ್ಲ.

ಅಂಕಿ ಏರಿದರೆ ಮೊದಲು ಅನುಮಾನಿಸಬೇಕಾದದ್ದು ಅಂಕಿಯನ್ನೇ. ಯಂತ್ರದೊಳಗಿನ ಅಳತೆಯ ಕಡ್ಡಿಗೆ ಕೊಳೆ ಅಂಟಿದರೆ ಅದು ಸುಳ್ಳು ಹೇಳುತ್ತದೆ. ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್‌ನಿಂದ ಅದೇ ನೀರನ್ನು ಒಂದು ಲೋಟದಲ್ಲಿ ಹಿಡಿದು ಅಳೆದು ನೋಡಿ, ಎರಡೂ ಒಪ್ಪಿದರೆ ಮಾತ್ರ ಮುಂದುವರಿಯಬೇಕು. ಎರಡು ಮೂರು ಮೆಂಬ್ರೇನ್ ಕೊಳವೆಗಳಿರುವ ಯಂತ್ರವಾದರೆ ಪ್ರತಿಯೊಂದರಿಂದಲೂ ಬೇರೆ ಬೇರೆಯಾಗಿ ನೀರು ಹಿಡಿದು ಅಳೆಯಬೇಕು. ಒಂದರಲ್ಲಿ ಮಾತ್ರ ಉಪ್ಪು ಹೆಚ್ಚಿದ್ದರೆ ಅದರ ನಡುಕೊಳವೆಯ ಓ-ರಿಂಗ್ ಕತ್ತರಿಸಿರುವ ಸಾಧ್ಯತೆಯೇ ಹೆಚ್ಚು. ಅಷ್ಟು ಚಿಕ್ಕ ರಬ್ಬರ್ ಉಂಗುರದ ಪಕ್ಕದಿಂದ ಸಮುದ್ರದ ನೀರು ಒಂದೊಂದೇ ಹನಿ ನುಸುಳಿದರೂ ಗಂಟೆಯ ಸಿಹಿನೀರೆಲ್ಲ ಕೆಡುತ್ತದೆ. ಮೆಂಬ್ರೇನ್ ಒಳಗೆ ಕೂರಿಸುವಾಗ ಒಣ ಓ-ರಿಂಗ್ ಅನ್ನು ತಿರುಚಿ ತಳ್ಳಿದ್ದರಿಂದಲೇ ಹೀಗಾಗಿರುವುದು ಸಾಮಾನ್ಯ.

ಒತ್ತಡ ಹಿಂದಿನಷ್ಟೇ ಇದ್ದು ಉಪ್ಪಿನೊಂದಿಗೆ ಸಿಹಿನೀರಿನ ಪ್ರಮಾಣವೂ ಹೆಚ್ಚಾಗಿದ್ದರೆ ಅದು ಕೆಟ್ಟ ಸುದ್ದಿ. ಮೆಂಬ್ರೇನ್‌ನ ಮೇಲ್ಪದರವೇ ಸವೆದು ತೂತಾಗುತ್ತಿದೆ ಎಂಬುದು ಅದರ ಅರ್ಥ, ಮತ್ತು ಅದಕ್ಕೆ ಅತಿ ಸಾಮಾನ್ಯ ಕಾರಣ ಕ್ಲೋರಿನ್. ಇದಕ್ಕೆ ಒಂದು ಹಿನ್ನೆಲೆಯಿದೆ. 1960ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ ರೂಪಿಸಿದ ಮೊದಲ ಉಪಯುಕ್ತ ಮೆಂಬ್ರೇನ್ ಸೆಲ್ಯುಲೋಸ್ ಅಸಿಟೇಟ್‌ನದಾಗಿತ್ತು, ಅದು ಸ್ವಲ್ಪ ಮಟ್ಟಿನ ಕ್ಲೋರಿನ್ ಸಹಿಸುತ್ತಿತ್ತು. ಜಾನ್ ಕ್ಯಾಡೊಟ್ ರೂಪಿಸಿ 1981ರಲ್ಲಿ ಪೇಟೆಂಟ್ ಪಡೆದ ಪಾಲಿಅಮೈಡ್ ತೆಳುಪದರದ ಮೆಂಬ್ರೇನ್ ಉಪ್ಪನ್ನು ಹೆಚ್ಚು ಚೆನ್ನಾಗಿ ತಡೆಯುತ್ತದೆ, ಹೆಚ್ಚು ನೀರು ಕೊಡುತ್ತದೆ, ಆದರೆ ಕ್ಲೋರಿನ್ ತಾಗಿದರೆ ಅದರ ಅಣುಬಂಧಗಳೇ ಬಿಚ್ಚಿಕೊಳ್ಳುತ್ತವೆ. ಇಂದು ದೋಣಿಗಳಲ್ಲಿರುವುದು ಹೆಚ್ಚಾಗಿ ಈ ಎರಡನೆಯ ಜಾತಿಯದೇ. ಅದಕ್ಕೆ ತಾಗುವ ನೀರಿನಲ್ಲಿ ಕ್ಲೋರಿನ್ 0.1 ಪಿಪಿಎಂಗಿಂತ ಕೆಳಗಿರಬೇಕು. ಸಮುದ್ರದ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. ಅದು ಬರುವುದು ಯಂತ್ರವನ್ನು ತೊಳೆಯಲು ಬಳಸುವ ದಡದ ನಲ್ಲಿಯ ನೀರಿನಿಂದ.

ನನ್ನ ಕೈಯಲ್ಲೇ ಒಂದು ಮೆಂಬ್ರೇನ್ ಹಾಳಾದದ್ದು ಹೀಗೆಯೇ. ಸಿಹಿನೀರಿನಿಂದ ತೊಳೆಯುವ ಕೊಳವೆಯಲ್ಲಿದ್ದ, ಕ್ಲೋರಿನ್ ತೆಗೆಯುವ ಕಾರ್ಬನ್ ಕಾರ್ಟ್ರಿಡ್ಜ್‌ನ ಅವಧಿ ಮುಗಿದಾಗ, ಒಂದೇ ಪೆಟ್ಟಿಗೆಯಲ್ಲಿದ್ದ 10 ಇಂಚಿನ ಎರಡು ಬಿಳಿ ಕಾರ್ಟ್ರಿಡ್ಜ್‌ಗಳಲ್ಲಿ ಒಂದನ್ನು ತೆಗೆದು ಹಾಕಿದೆ. ಅದು ಕಾರ್ಬನ್ ಆಗಿರಲಿಲ್ಲ, 5 ಮೈಕ್ರಾನ್‌ನ ಸಾಮಾನ್ಯ ಕೆಸರು ಫಿಲ್ಟರ್ ಆಗಿತ್ತು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಹೊರಗಿನಿಂದ ಎರಡರ ಬಟ್ಟೆಯೂ ಒಂದೇ ಬಿಳುಪು, ಉದ್ದವೂ ದಪ್ಪವೂ ಒಂದೇ. ಮುಂದಿನ ತಿಂಗಳುಗಳಲ್ಲಿ ಪ್ರತಿ ವಾರ ತೊಳೆದಾಗಲೂ ಕ್ಲೋರಿನ್ ನೀರು ಮೆಂಬ್ರೇನ್‌ನೊಳಗೆ ತುಂಬಿ ನಿಂತಿತು. ಪುಸ್ತಕದಲ್ಲಿ ಸಿಹಿನೀರಿನ ಪ್ರಮಾಣ ಏರುತ್ತ ಹೋದದ್ದನ್ನು ನಾನು ಒಳ್ಳೆಯ ಲಕ್ಷಣವೆಂದು ಓದಿದೆ, ಪಕ್ಕದ ಸಾಲಿನಲ್ಲಿ ಟಿಡಿಎಸ್ ಕೂಡ ಏರುತ್ತಿದ್ದುದನ್ನು ಅದರೊಂದಿಗೆ ಜೋಡಿಸಿ ನೋಡಲಿಲ್ಲ. ನೋಡುವ ಹೊತ್ತಿಗೆ ಆ ಮೆಂಬ್ರೇನ್ ಅನ್ನು ಮರಳಿ ತರುವ ದಾರಿ ಉಳಿದಿರಲಿಲ್ಲ, ಕ್ಲೋರಿನ್ ಮಾಡಿದ ಗಾಯವನ್ನು ಯಾವ ತೊಳೆತವೂ ಮಾಯಿಸುವುದಿಲ್ಲ. ಅಂದಿನಿಂದ ಕಾರ್ಬನ್ ಕಾರ್ಟ್ರಿಡ್ಜ್‌ಗಳ ಮೇಲೆ ಕಪ್ಪು ಟೇಪ್ ಸುತ್ತಿ, ಬೇರೆ ಪೆಟ್ಟಿಗೆಯಲ್ಲಿ ಇಡುತ್ತೇನೆ. ಹೊಸದನ್ನು ಹಾಕಿದ ದಿನ ಅದರಿಂದ ಹೊರಬರುವ ನೀರಿಗೆ ಕ್ಲೋರಿನ್ ಪರೀಕ್ಷೆಯ ಪಟ್ಟಿಯನ್ನು ಅದ್ದಿ, ಬಣ್ಣ ಬದಲಾಗದಿರುವುದನ್ನು ಕಣ್ಣಾರೆ ನೋಡಿಯೇ ಆ ನೀರನ್ನು ಮೆಂಬ್ರೇನ್‌ಗೆ ಬಿಡುತ್ತೇನೆ.

ಕೊಳೆತ ಮೊಟ್ಟೆಯ ವಾಸನೆ

ಟಿಡಿಎಸ್ ಸರಿಯಾಗಿದ್ದು ನೀರಿಗೆ ಕೊಳೆತ ಮೊಟ್ಟೆಯ ವಾಸನೆಯಿದ್ದರೆ ಮೆಂಬ್ರೇನ್ ತೂತಾಗಿದೆ ಎಂದು ಹೆದರುವ ಅಗತ್ಯವಿಲ್ಲ. ಮೆಂಬ್ರೇನ್ ಉಪ್ಪನ್ನು ತಡೆಯುತ್ತದೆ, ನೀರಿನಲ್ಲಿ ಕರಗಿದ ಅನಿಲವನ್ನು ತಡೆಯುವುದಿಲ್ಲ. ಪ್ರಿ-ಫಿಲ್ಟರ್ ಡಬ್ಬಿಯಲ್ಲಿ ಸಮುದ್ರದ ನೀರು ದಿನಗಟ್ಟಲೆ ನಿಂತರೆ ಅದರೊಳಗೆ ಸಿಕ್ಕಿಬಿದ್ದ ಸೂಕ್ಷ್ಮಜೀವಿಗಳು ಸತ್ತು ಕೊಳೆಯುತ್ತವೆ, ಆಮ್ಲಜನಕ ಮುಗಿದ ಮೇಲೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಹುಟ್ಟಿಸುತ್ತವೆ. ಆ ಅನಿಲವೇ ಸಲೀಸಾಗಿ ಮೆಂಬ್ರೇನ್ ದಾಟಿ ಲೋಟಕ್ಕೆ ಬರುತ್ತದೆ. ಕಾರ್ಟ್ರಿಡ್ಜ್ ತೆಗೆದು ಬಿಸಾಡಿ, ಡಬ್ಬಿಯನ್ನು ತೊಳೆದು, ಹೊಸದನ್ನು ಹಾಕಿ, ಒತ್ತಡವಿಲ್ಲದೆ ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿದರೆ ಹೆಚ್ಚಿನ ಸಂದರ್ಭಗಳಲ್ಲಿ ವಾಸನೆ ಹೋಗುತ್ತದೆ. ಅದಾದ ಮೇಲೂ ಉಳಿದರೆ ಕೊಳೆ ಮೆಂಬ್ರೇನ್‌ನೊಳಗೂ ಬೆಳೆದಿದೆ, ಅದಕ್ಕೆ ಮುಂದೆ ಹೇಳುವ ಕ್ಷಾರದ ತೊಳೆತ ಬೇಕು.

ಫಿಲ್ಟರ್ ಆರಿಸುವ ಬಗೆ

ಪ್ರಿ-ಫಿಲ್ಟರ್‌ಗಳ ಸಾಮಾನ್ಯ ಕ್ರಮ 20 ಮೈಕ್ರಾನ್, ಅದರ ಮುಂದೆ 5 ಮೈಕ್ರಾನ್. ಇನ್ನೂ ಸೂಕ್ಷ್ಮವಾದರೆ ಇನ್ನೂ ಒಳ್ಳೆಯದು ಎಂದು 1 ಮೈಕ್ರಾನ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅದು ಬೇಗ ಕಟ್ಟಿಕೊಂಡು ಹೈ ಪ್ರೆಷರ್ ಪಂಪ್‌ಗೆ ನೀರಿನ ಬರ ತರುತ್ತದೆ, ಆ ಬರದಿಂದ ಪಂಪ್‌ಗೆ ಆಗುವ ಹಾನಿ ತಪ್ಪಿಸಿಕೊಂಡ ಕಣಗಳಿಂದ ಆಗುವುದಕ್ಕಿಂತ ದೊಡ್ಡದು. ಬೂಸ್ಟ್ ಪಂಪ್ ಇಲ್ಲದೆ ಹೈ ಪ್ರೆಷರ್ ಪಂಪ್ ತಾನೇ ಫಿಲ್ಟರ್ ಮೂಲಕ ನೀರೆಳೆಯುವ ಯಂತ್ರಗಳಲ್ಲಂತೂ ಇದು ಇನ್ನೂ ನಿಜ.

ಪೆಟ್ಟಿಗೆಯ ಮೇಲೆ 5 ಮೈಕ್ರಾನ್ ಎಂದು ಬರೆದಿರುವ ಎಲ್ಲವೂ ಒಂದೇ ಅಲ್ಲ. ನಾಮಿನಲ್ ಎಂದರೆ ಆ ಗಾತ್ರದ ಕಣಗಳಲ್ಲಿ ಹೆಚ್ಚಿನ ಪಾಲು ನಿಲ್ಲುತ್ತದೆ, ಎಲ್ಲವೂ ಅಲ್ಲ. ಅಬ್ಸೊಲ್ಯೂಟ್ ಎಂದರೆ ಬಹುಮಟ್ಟಿಗೆ ಎಲ್ಲವೂ ನಿಲ್ಲುತ್ತದೆ, ಬೆಲೆಯೂ ಹೆಚ್ಚು. ನೂಲಿನಂತೆ ಕರಗಿಸಿ ಸುತ್ತಿದ ಪಾಲಿಪ್ರೊಪಿಲೀನ್ ಕಾರ್ಟ್ರಿಡ್ಜ್ ಕೊಳೆಯನ್ನು ತನ್ನ ದಪ್ಪದೊಳಗೆ ಹಿಡಿದಿಟ್ಟುಕೊಳ್ಳುವುದರಿಂದ ಅದನ್ನು ತೊಳೆದು ಮತ್ತೆ ಬಳಸಲಾಗುವುದಿಲ್ಲ. ಮಡಿಕೆ ಮಡಿಕೆಯಾಗಿರುವ ಪಾಲಿಯೆಸ್ಟರ್ ಕಾರ್ಟ್ರಿಡ್ಜ್‌ನ ಮೇಲ್ಮೈ ವಿಸ್ತಾರವಾಗಿದ್ದು ಕೊಳೆ ಹೊರಗೇ ನಿಲ್ಲುವುದರಿಂದ ಮೆತ್ತನೆಯ ಬ್ರಷ್‌ನಿಂದ ತೊಳೆದು, ಬಿಸಿಲಿಗೆ ಒಣಗಿಸಿ ಕೆಲವು ಸಲ ಬಳಸಬಹುದು. ದೂರದ ಪಯಣಕ್ಕೆ ನನ್ನ ಆಯ್ಕೆ ಇದೇ. ಕಾಗದದ ಕಾರ್ಟ್ರಿಡ್ಜ್ ಸಮುದ್ರದ ನೀರಿನಲ್ಲಿ ಮೆತ್ತಗಾಗಿ ಕೊಳೆಯುತ್ತದೆ, ಅದನ್ನು ಕೊಳ್ಳಲೇಬಾರದು. ತೊಳೆಯುವಾಗ ವಾಸನೆ ಹೋಗಲೆಂದು ಬ್ಲೀಚ್‌ನಲ್ಲಿ ನೆನೆಸುವ ಅಭ್ಯಾಸವೊಂದಿದೆ. ಮಡಿಕೆಗಳಲ್ಲಿ ಉಳಿದ ಆ ಬ್ಲೀಚ್ ಕೂಡ ಕ್ಲೋರಿನ್ನೇ ಎಂಬುದನ್ನು ನೆನಪಿಟ್ಟು ಅದನ್ನು ಪೂರ್ತಿ ಬಿಡಬೇಕು.

ಕಾರ್ಟ್ರಿಡ್ಜ್ ಬಿಚ್ಚಿದಾಗಲೆಲ್ಲ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವುದು ಒಳ್ಳೆಯದು. 20 ಮೈಕ್ರಾನಿನದು ಹೆಚ್ಚು ಕೊಳಕಾಗಿರುವುದು ಸಹಜ. ಮೊದಲಿನದು ಬೆಳ್ಳಗಿದ್ದು 5 ಮೈಕ್ರಾನಿನದು ಕಂದಾಗಿದ್ದರೆ ನೀರು ಮೊದಲ ಕಾರ್ಟ್ರಿಡ್ಜ್‌ನ ಒಳಗೆ ಹೋಗದೆ ಅದರ ತುದಿಯ ಪಕ್ಕದಿಂದ ನುಸುಳುತ್ತಿದೆ. ತುದಿಯ ರಬ್ಬರ್ ಸರಿಯಾಗಿ ಕೂತಿಲ್ಲ, ಅಥವಾ ಡಬ್ಬಿಯೊಳಗೆ ಅದನ್ನು ಒತ್ತಿ ಹಿಡಿಯುವ ಅಂಚು ಮುರಿದಿದೆ. ಕೊನೆಯ ಕಾರ್ಟ್ರಿಡ್ಜ್‌ನ ಒಳಗೋಡೆಯಲ್ಲಿ ಕೆಸರು ಕಂಡರೆ ಅಷ್ಟೂ ಕೆಸರು ಪಂಪ್‌ಗೆ, ಮೆಂಬ್ರೇನ್‌ಗೆ ಹೋಗಿದೆ.

ಎಣ್ಣೆಯನ್ನು ಈ ಫಿಲ್ಟರ್‌ಗಳು ತಡೆಯುವುದಿಲ್ಲ. ಎಣ್ಣೆ ಬೇರ್ಪಡಿಸುವ ಪ್ರತ್ಯೇಕ ಕಾರ್ಟ್ರಿಡ್ಜ್ ಸಿಗುತ್ತದೆಯಾದರೂ, ಅದನ್ನು ನಂಬಿ ಬಂದರಿನೊಳಗೆ ಯಂತ್ರ ನಡೆಸುವುದು ಬೇಡ. ನೀರಿನ ಮೇಲೆ ಡೀಸೆಲ್‌ನ ಬಣ್ಣದ ಪೊರೆ ಕಂಡಲ್ಲಿ ಯಂತ್ರ ನಿಂತಿರಲಿ.

ಸಿಹಿನೀರಿನ ತೊಳೆತಕ್ಕೆ ಬೇಕಾದ ಕಾರ್ಬನ್ ಕಾರ್ಟ್ರಿಡ್ಜ್‌ನಲ್ಲಿ ಸಡಿಲ ಹರಳಿನದಕ್ಕಿಂತ ಗಟ್ಟಿಯಾಗಿ ಒತ್ತಿ ಮಾಡಿದ ಬ್ಲಾಕ್ ಮೇಲು, ಏಕೆಂದರೆ ಹರಳಿನ ನಡುವೆ ನೀರು ದಾರಿ ಮಾಡಿಕೊಂಡು ಕಾರ್ಬನ್‌ಗೆ ತಾಗದೆ ಹೋಗಬಲ್ಲದು. ನೀರು ನಿಧಾನವಾಗಿ ಹಾಯ್ದರೆ ಮಾತ್ರ ಕ್ಲೋರಿನ್ ಪೂರ್ತಿ ಹೋಗುತ್ತದೆ, ಆದ್ದರಿಂದ ಕಾರ್ಟ್ರಿಡ್ಜ್ ಮೇಲೆ ಬರೆದ ನಿಮಿಷದ ಹರಿವನ್ನು ಮೀರಬಾರದು. ಕೆಲವು ಊರುಗಳ ನಲ್ಲಿ ನೀರಿಗೆ ಕ್ಲೋರಿನ್ ಬದಲು ಕ್ಲೋರಮೈನ್ ಸೇರಿಸಿರುತ್ತಾರೆ, ಅದನ್ನು ತೆಗೆಯುವುದು ಇನ್ನೂ ಕಷ್ಟ. ಬಳಸಲಿ ಬಿಡಲಿ, ಸುಮಾರು ಆರು ತಿಂಗಳಿಗೊಮ್ಮೆ ಈ ಕಾರ್ಟ್ರಿಡ್ಜ್ ಬದಲಿಸಬೇಕು. ಎಲ್ಲಕ್ಕಿಂತ ಸುರಕ್ಷಿತವಾದ ತೊಳೆಯುವ ನೀರು ಯಂತ್ರ ತಾನೇ ತಯಾರಿಸಿದ್ದು, ಟ್ಯಾಂಕ್‌ಗೆ ನಲ್ಲಿಯ ನೀರು ಬೆರೆಸದಿದ್ದರೆ.

ಮೆಂಬ್ರೇನ್ ತೊಳೆಯುವುದು ಯಾವಾಗ

ಉಷ್ಣತೆಯ ಲೆಕ್ಕ ತೆಗೆದ ಮೇಲೂ ಸಿಹಿನೀರು ಶೇಕಡಾ 10ರಷ್ಟು ಇಳಿದಿದ್ದರೆ, ಅಥವಾ ಮೆಂಬ್ರೇನ್‌ನ ಎರಡು ತುದಿಗಳ ಒತ್ತಡದ ಅಂತರ ಶೇಕಡಾ 10ರಿಂದ 15ರಷ್ಟು ಏರಿದ್ದರೆ ರಾಸಾಯನಿಕ ತೊಳೆತದ ಹೊತ್ತು ಬಂದಿದೆ. ಇದನ್ನು ಮುಂದೂಡಿದಷ್ಟೂ ಕೊಳೆ ಗಟ್ಟಿಯಾಗುತ್ತದೆ. ಹಾಗೆಂದು ತಿಂಗಳಿಗೊಮ್ಮೆ ಅಭ್ಯಾಸಕ್ಕೆಂದು ತೊಳೆಯುವುದೂ ಸರಿಯಲ್ಲ, ಪ್ರತಿ ತೊಳೆತವೂ ಮೆಂಬ್ರೇನ್‌ನ ಆಯುಸ್ಸನ್ನು ತುಸು ತಿನ್ನುತ್ತದೆ. ಜೀವಿಗಳಿಂದ ಬಂದ ಲೋಳೆಗೆ ಕ್ಷಾರದ ಪುಡಿ, ಸುಣ್ಣದಂತಹ ಗಟ್ಟಿ ಪದರಕ್ಕೆ ಮತ್ತು ತುಕ್ಕಿಗೆ ಆಮ್ಲದ ಪುಡಿ. ಕಾರಣ ಗೊತ್ತಿಲ್ಲದಿದ್ದರೆ ಕ್ಷಾರದಿಂದ ಶುರುಮಾಡಿ, ಚೆನ್ನಾಗಿ ಜಾಲಿಸಿ, ನಂತರ ಆಮ್ಲಕ್ಕೆ ಹೋಗಬೇಕು. ಆಮ್ಲ ಮೊದಲು ತಾಗಿದರೆ ಲೋಳೆ ಗಟ್ಟಿಯಾಗಿ ಅಂಟಿಕೊಳ್ಳಬಹುದು. ದೋಣಿಗಳಲ್ಲಿ ಲೋಳೆಯೇ ಹೆಚ್ಚು, ಏಕೆಂದರೆ ಹತ್ತನೇ ಒಂದು ಪಾಲು ಮಾತ್ರ ಸಿಹಿನೀರು ತೆಗೆಯುವ ಯಂತ್ರದಲ್ಲಿ ಸುಣ್ಣ ಕೂರುವಷ್ಟು ನೀರು ಗಟ್ಟಿಯಾಗುವುದಿಲ್ಲ. ಈ ಕೆಲಸವೆಲ್ಲ ಒತ್ತಡದ ವಾಲ್ವ್ ಪೂರ್ತಿ ತೆರೆದಿರುವಾಗಲೇ ನಡೆಯಬೇಕು, ಸಿಹಿನೀರಿನ ಕೊಳವೆಯನ್ನು ಯಾವ ಕಾರಣಕ್ಕೂ ಮುಚ್ಚಬಾರದು.

ನಿಲ್ಲಿಸಿಡುವುದು

ಸಮುದ್ರದ ನೀರು ತುಂಬಿದ ಮೆಂಬ್ರೇನ್ ಬೆಚ್ಚನೆಯ ದೋಣಿಯೊಳಗೆ ಎರಡು ಮೂರು ದಿನ ಸುಮ್ಮನಿದ್ದರೆ ಸಾಕು, ಲೋಳೆ ಬೆಳೆಯಲು ತೊಡಗುತ್ತದೆ. ಆದ್ದರಿಂದ ಪ್ರತಿ ಸಲ ನಡೆಸಿದ ಮೇಲೂ ಕ್ಲೋರಿನ್ ಇಲ್ಲದ ಸಿಹಿನೀರಿನಿಂದ ತೊಳೆಯಬೇಕು. ಎಷ್ಟು ಹೊತ್ತು ಎಂಬುದಕ್ಕೆ ಗಡಿಯಾರಕ್ಕಿಂತ ಟಿಡಿಎಸ್ ಮೀಟರ್ ನಂಬಿಕಸ್ತ: ಉಪ್ಪುನೀರು ಹೊರಹೋಗುವ ಕೊಳವೆಯಿಂದ ನೀರು ಹಿಡಿದು ಅಳೆದು, ಅದು 1,000 ಪಿಪಿಎಂಗಿಂತ ಕೆಳಗಿಳಿಯುವವರೆಗೆ ತೊಳೆಯಿರಿ. ಹೀಗೆ ತೊಳೆದ ಯಂತ್ರ ಐದರಿಂದ ಏಳು ದಿನ ನಿಶ್ಚಿಂತೆಯಿಂದ ಇರುತ್ತದೆ, ಮತ್ತೆ ತೊಳೆದರೆ ಮತ್ತೊಂದು ವಾರ. ಸಮುದ್ರದ ನೀರು ನಿಂತಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಕೂಡ ಸಂದುಗಳಲ್ಲಿ ಕೊರೆಯಲ್ಪಡುವುದರಿಂದ ಪಂಪ್‌ಗೂ ಇದರಿಂದ ಉಪಕಾರವಿದೆ. ತಾನಾಗಿ ತೊಳೆದುಕೊಳ್ಳುವ ಯಂತ್ರವನ್ನು ನಂಬಿ ದೋಣಿಯನ್ನು ತಿಂಗಳುಗಟ್ಟಲೆ ಬಿಟ್ಟುಹೋಗುವವರು ಟ್ಯಾಂಕ್‌ನಲ್ಲಿ ಅಷ್ಟೂ ವಾರಗಳಿಗೆ ಸಾಲುವಷ್ಟು ನೀರಿದೆಯೇ, ಬ್ಯಾಟರಿ ಅಷ್ಟು ದಿನ ತಡೆಯುತ್ತದೆಯೇ ಎಂದು ಲೆಕ್ಕ ಹಾಕಿ ಹೋಗಬೇಕು.

ಅದಕ್ಕಿಂತ ದೀರ್ಘ ಬಿಡುವಿಗೆ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣ ರೂಢಿಯ ದಾರಿ. ಅದು ನೀರಿನ ಆಮ್ಲಜನಕವನ್ನು ಕಬಳಿಸಿ ಜೀವಿಗಳು ಬೆಳೆಯದಂತೆ ತಡೆಯುತ್ತದೆ. ಶೇಕಡಾ 1ರ ದ್ರಾವಣವೆಂದರೆ 10 ಲೀಟರ್ ನೀರಿಗೆ 100 ಗ್ರಾಂ. ಆಹಾರ ದರ್ಜೆಯ, ಗಂಟು ಕಟ್ಟದ ಹೊಸ ಪುಡಿಯೇ ಆಗಬೇಕು, ತೇವ ಹೀರಿದ ಹಳೆಯ ಪುಡಿ ಶಕ್ತಿ ಕಳೆದುಕೊಂಡಿರುತ್ತದೆ. ಕಲೆಸುವಾಗ ಏಳುವ ಗಂಧಕದ ಹೊಗೆ ಗಂಟಲನ್ನು ಸುಡುವುದರಿಂದ ಗಾಳಿಯಾಡುವ ಜಾಗದಲ್ಲಿ ಮುಖಗವಸು ಹಾಕಿಕೊಂಡು ಕಲೆಸಬೇಕು. ಆಸ್ತಮಾ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ಮೊದಲು ಸಿಹಿನೀರಿನಿಂದ ಉಪ್ಪನ್ನೆಲ್ಲ ಹೊರಹಾಕಿ, ಒತ್ತಡದ ವಾಲ್ವ್ ಪೂರ್ತಿ ತೆರೆದು, ಬಕೆಟ್‌ನಿಂದ ದ್ರಾವಣವನ್ನು ಎಳೆದು ಹೊರಬರುವ ಕೊಳವೆಯನ್ನು ಅದೇ ಬಕೆಟ್‌ಗೆ ಬಿಟ್ಟು, ಹತ್ತು ನಿಮಿಷದಷ್ಟು ಸುತ್ತಾಡಿಸಿ ನಿಲ್ಲಿಸಿ, ಎಲ್ಲ ವಾಲ್ವ್‌ಗಳನ್ನು ಮುಚ್ಚಿ ಗಾಳಿ ಒಳಹೋಗದಂತೆ ಮಾಡಬೇಕು. ಕಾಲ ಕಳೆದಂತೆ ಈ ದ್ರಾವಣ ಹುಳಿಯಾಗುತ್ತ ಹೋಗುತ್ತದೆ, ಪಿಎಚ್ 3ಕ್ಕೆ ಇಳಿದರೆ ಬದಲಿಸಲೇಬೇಕು. ತಿಂಗಳಿಗೊಮ್ಮೆ ನೋಡುವುದು ಸರಿ, ಸೆಕೆಯ ನಾಡಿನಲ್ಲಿ ಇನ್ನೂ ಬೇಗ.

ಎಲ್ಲ ಯಂತ್ರಗಳಿಗೂ ಇದು ಹೊಂದುವುದಿಲ್ಲ. ಕೆಲವು ತಯಾರಕರು ತಮ್ಮ ಪಂಪ್‌ನ ಒಳಭಾಗಗಳಿಗೆ ಹಾನಿಯೆಂದು ಮೆಟಾಬೈಸಲ್ಫೈಟನ್ನು ಬೇಡವೆಂದಿದ್ದಾರೆ, ಅಂಥಲ್ಲಿ ಅವರು ಹೇಳಿದ ದ್ರಾವಣವನ್ನೇ ಬಳಸಬೇಕು. ನೀರು ಹೆಪ್ಪುಗಟ್ಟುವ ಚಳಿಯಿರುವಲ್ಲಿ ಆಹಾರ ದರ್ಜೆಯ ಪ್ರೊಪಿಲೀನ್ ಗ್ಲೈಕಾಲ್ ಬೇಕು. ವಾಹನಗಳ ರೇಡಿಯೇಟರ್‌ಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಕುಡಿಯುವ ನೀರಿನ ಯಂತ್ರದ ಹತ್ತಿರಕ್ಕೂ ಅದು ಬರಬಾರದು. ಪ್ರಿ-ಫಿಲ್ಟರ್ ಕಾರ್ಟ್ರಿಡ್ಜ್‌ಗಳನ್ನು ತೆಗೆದು ಡಬ್ಬಿಗಳನ್ನು ಒಣಗಿಸಿಡಬೇಕು, ಮೆಂಬ್ರೇನ್ ಮಾತ್ರ ಒಣಗಬಾರದು. ಒಮ್ಮೆ ನೆನೆದ ಮೆಂಬ್ರೇನ್ ಒಣಗಿದರೆ ಅದರ ಹರಿವು ಮತ್ತೆ ಮೊದಲಿನಂತಾಗದಿರಬಹುದು. ಅದನ್ನು ಕೊಳವೆಯಿಂದ ಹೊರತೆಗೆದಿಡುವ ಪ್ರಸಂಗ ಬಂದರೆ ದ್ರಾವಣದಲ್ಲಿ ಅದ್ದಿ, ಗಾಳಿಯಾಡದ ಚೀಲದಲ್ಲಿ ಬಿಗಿದು, ಬಿಸಿಲು ತಾಗದ ತಂಪು ಜಾಗದಲ್ಲಿ ಇಡಬೇಕು.

ಮತ್ತೆ ಶುರು ಮಾಡುವಾಗ ಹೊಸ ಕಾರ್ಟ್ರಿಡ್ಜ್‌ಗಳನ್ನು ಹಾಕಿ, ತಳದ ವಾಲ್ವ್ ತೆರೆದು, ಒತ್ತಡವಿಲ್ಲದೆ ಹದಿನೈದು ಇಪ್ಪತ್ತು ನಿಮಿಷ ಸಮುದ್ರದ ನೀರನ್ನು ಹಾಯಿಸಿ ಹಳೆಯ ದ್ರಾವಣವನ್ನು ಪೂರ್ತಿ ಹೊರಹಾಕಬೇಕು. ಅದು ಒಳಗಿರುವಾಗ, ವಿಶೇಷವಾಗಿ ಮಂದವಾದ ಗ್ಲೈಕಾಲ್ ಒಳಗಿರುವಾಗ, ಒತ್ತಡ ಏರಿಸಿದರೆ ಮೆಂಬ್ರೇನ್‌ಗೆ ಪೆಟ್ಟು ಬೀಳುತ್ತದೆ. ಅನಂತರ ವಾಲ್ವ್ ಅನ್ನು ನಿಧಾನವಾಗಿ ತಿರುಗಿಸುತ್ತ 55 ಬಾರ್‌ಗೆ ತಂದು, ಮೊದಲ ಅರ್ಧ ಗಂಟೆಯ ಸಿಹಿನೀರನ್ನು ಹೊರಗೆ ಬಿಟ್ಟು, ಟಿಡಿಎಸ್ ಅಂಕಿ ನಿಂತ ಮೇಲೆ ಒತ್ತಡ, ಹರಿವು, ಉಪ್ಪು, ಉಷ್ಣತೆ ನಾಲ್ಕನ್ನೂ ಬರೆದುಕೊಂಡು ಬಿಡುವಿಗೆ ಮುಂಚಿನ ಸಾಲಿನ ಜೊತೆ ಹೋಲಿಸಿ, ಎರಡೂ ಒಪ್ಪಿದಾಗ ಕೊಳವೆಯನ್ನು ಟ್ಯಾಂಕ್ ಕಡೆಗೆ ತಿರುಗಿಸಬಹುದು.